ಮಳೆ ಬಂತು, ಬಾವಿಗೆ ಬರಲಿಲ್ಲ: ಕಡೂರು–ಅರಸೀಕೆರೆ ಸೀಮೆಯ ಅಂತರ್ಜಲದ ಕಥೆ

ಕಡೂರು ತಾಲ್ಲೂಕಿನ ನಮ್ಮ ತೋಟದಲ್ಲಿ ಅಜ್ಜನ ಕಾಲದ ಬಾವಿಯೊಂದಿದೆ. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ನೀರೆತ್ತುವ ಕಪಿಲೆಯ ಎತ್ತುಗಳು ಹಿಂದೆ ಮುಂದೆ ನಡೆಯುತ್ತಿದ್ದ ಇಳಿಜಾರು. ಅಜ್ಜ ಇದ್ದಾಗ ಯುಗಾದಿ ಹೊತ್ತಿಗೂ ಆರೇಳು ಮಟ್ಟಿನಲ್ಲಿ ನೀರು ನಿಂತಿರುತ್ತಿತ್ತಂತೆ. ನಾನು ಶಾಲೆಗೆ ಹೋಗುವ ಹೊತ್ತಿಗೆ ಅದರ ತಳದಲ್ಲಿ ಜಾಲಿ ಗಿಡ ಹುಟ್ಟಿತ್ತು. ಬಾವಿಯಿಂದ ಮೂವತ್ತು ಹೆಜ್ಜೆಯೊಳಗೆ ಈಗ ನಾಲ್ಕು ಕೊಳವೆಬಾವಿಗಳಿವೆ. ಮೂರರ ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿದ್ದೇವೆ.

ನಾಲ್ಕನೆಯದನ್ನು ಕೊರೆಸಿದ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಮಿಳುನಾಡಿನಿಂದ ಬಂದ ರಿಗ್ ಲಾರಿ, ಅದರ ಹಿಂದೆ ಪೈಪು ಹೊತ್ತ ಇನ್ನೊಂದು ಲಾರಿ. ಇನ್ನೂರು ಅಡಿಗೂ ಬಿಳಿ ಧೂಳು, ಐನೂರಕ್ಕೂ ಧೂಳೇ. ತೆಂಗಿನ ಗರಿಗಳೆಲ್ಲ ಹಿಟ್ಟು ಎರಚಿದ ಹಾಗಾಗಿದ್ದವು. "ಯಜಮಾನ್ರೆ, ಇನ್ನೊಂದು ನೂರಡಿ ಹೋಗೋಣ್ವಾ?" ಅಂತ ರಿಗ್ಗಿನವನು ಕೇಳುತ್ತಿದ್ದ, ಅಪ್ಪ ಮಾತಾಡದೆ ತಲೆಯಾಡಿಸುತ್ತಿದ್ದರು. ಏಳುನೂರು ದಾಟಿದ ಮೇಲೆ ಧೂಳು ಒದ್ದೆಯಾಯಿತು, ಕೆಸರಾಯಿತು, ಕೊನೆಗೆ ಒಂದೂವರೆ ಇಂಚು ನೀರು ಬಂತು. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ನೀರು ಬೆಚ್ಚಗಿತ್ತು.

ಊರಲ್ಲಿ ಯಾರನ್ನು ಕೇಳಿದರೂ ಹೇಳುವುದು ಒಂದೇ: "ಮಳೆ ಮೊದ್ಲಿನ ಥರ ಇಲ್ಲ." ಆ ಮಾತಿನಲ್ಲಿ ನಿಜವಿದೆ. ಆದರೆ ನಮ್ಮ ಬಾವಿ ಬತ್ತಿದ್ದು ಮಳೆಯ ವರಸೆ ಕೆಡುವುದಕ್ಕಿಂತ ಮೊದಲು. ಹವಾಮಾನ ಬದಲಾವಣೆ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ನೆಲದೊಳಗಿನ ನೀರಿನ ಕಣಜ ಮುಕ್ಕಾಲುಪಾಲು ಬರಿದಾಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮರೆತರೆ ಈಗ ಆಗುತ್ತಿರುವುದು ಅರ್ಥವಾಗುವುದಿಲ್ಲ.

ಚಿಕ್ಕಮಗಳೂರು, ಹಾಸನ ಎಂದರೆ ಹೊರಗಿನವರಿಗೆ ಕಾಫಿ ತೋಟ, ಮಂಜು, ಜಲಪಾತ. ಎರಡೂ ಜಿಲ್ಲೆಗಳ ಪೂರ್ವದ ಸೆರಗು ಮಾತ್ರ ಅಪ್ಪಟ ಬಯಲುಸೀಮೆ. ಅರಬ್ಬಿ ಸಮುದ್ರದಿಂದ ಏಳುವ ಮುಂಗಾರು ಮೋಡ ಮೂಡಿಗೆರೆ, ಸಕಲೇಶಪುರದ ಘಟ್ಟದಲ್ಲಿ 2,000 ಮಿ.ಮೀ.ಗೂ ಹೆಚ್ಚು ಸುರಿದು, ಬಾಬಾಬುಡನ್‌ಗಿರಿ ಸಾಲು ದಾಟುವಷ್ಟರಲ್ಲಿ ಹಗುರಾಗಿರುತ್ತದೆ. ಕಡೂರು, ಅರಸೀಕೆರೆಗೆ ವರ್ಷವಿಡೀ ಸಿಗುವುದು 600–700 ಮಿ.ಮೀ. ಆಸುಪಾಸು. ಆಷಾಢದಲ್ಲಿ ನಮ್ಮ ಹೊಲದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಗಿರಿಯ ತಲೆಯ ಮೇಲೆ ಕಪ್ಪು ಮೋಡ ಕೂತಿರುವುದು ಕಾಣುತ್ತದೆ. ಇಲ್ಲಿ ಬರೀ ಗಾಳಿ. ನಮಗೆ ಕೈ ಹಿಡಿಯಬೇಕಾದದ್ದು ಬಿತ್ತನೆಗೆ ಮುಂಚಿನ ಭರಣಿ, ಕೃತ್ತಿಕೆ. ಆಮೇಲೆ ಹಸ್ತ, ಚಿತ್ತೆ, ಸ್ವಾತಿ.

ಬಿದ್ದದ್ದನ್ನು ಹಿಡಿದಿಟ್ಟುಕೊಳ್ಳಲು ನೆಲವೂ ಅಷ್ಟು ಉದಾರಿಯಲ್ಲ. ಮೇಲೆ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲಿನ ಗರಸು. ನೀರನ್ನು ಹೀರಿ ಇಟ್ಟುಕೊಳ್ಳುವುದು ಈ ಗರಸೇ. ಅದರ ಕೆಳಗೆ ಕೋಟ್ಯಂತರ ವರ್ಷ ಹಳೆಯ ಗಟ್ಟಿ ಬಂಡೆ, ಬಿರುಕು ಇದ್ದಲ್ಲಿ ಮಾತ್ರ ನೀರು. ಅಜ್ಜನ ಬಾವಿ ಇದ್ದದ್ದು ಗರಸಿನಲ್ಲಿ. ಅಪ್ಪನ ಬೋರು ಹುಡುಕುತ್ತಿರುವುದು ಬಿರುಕನ್ನು. ಗರಸು ಒಂದು ಒಳ್ಳೆಯ ಮಳೆಗಾಲಕ್ಕೆ ತುಂಬಿಕೊಳ್ಳಬಲ್ಲದು. ಏಳುನೂರು ಅಡಿಯ ಬಿರುಕಿಗೆ ಈ ವರ್ಷದ ಮಳೆ ಈ ವರ್ಷವೇ ತಲುಪುತ್ತದೆಂಬ ಭರವಸೆಯಿಲ್ಲ.

ಬರ ಈ ಸೀಮೆಗೆ ಹೊಸದೇನಲ್ಲ. ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರ ಮಹಾಕ್ಷಾಮ, ಮೈಸೂರು ಸಂಸ್ಥಾನವನ್ನು ಗುಡಿಸಿ ಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆದರೂ ಆ ಕಾಲದ ಬರ ಕಳೆದ ಮೇಲೆ ಬಾವಿಗಳು ಮತ್ತೆ ತುಂಬಿಕೊಂಡವು. ಕಪಿಲೆ ಹೊಡೆದು ಎತ್ತಬಹುದಾದ ನೀರಿಗೆ ಎತ್ತಿನ ಕಾಲೇ ಮಿತಿ ಹಾಕುತ್ತಿತ್ತು. ಮೇಲಿಂದ ಕೆರೆಗಳ ಕಾವಲು ಬೇರೆ. ಸಖರಾಯಪಟ್ಟಣದ ಅಯ್ಯನಕೆರೆ ಹೊಯ್ಸಳರ ಕಾಲದಲ್ಲೇ ದುರಸ್ತಿ ಕಂಡದ್ದು. ಅರಸೀಕೆರೆಯಂತೂ ಹೆಸರಿನಲ್ಲೇ ಕೆರೆ ಹೊತ್ತ ಊರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಏರಿಯ ಕೆಳಗೆ ಜಿನುಗಿದ್ದು ಅಚ್ಚುಕಟ್ಟಿನ ಬಾವಿಗೆ.

ಈ ಕಟ್ಟು ಸಡಿಲವಾದದ್ದು ಸದುದ್ದೇಶದಿಂದಲೇ. ವಿದ್ಯುತ್ ಪಂಪ್‌ಸೆಟ್ ಬಂದಾಗ ಎತ್ತಿನ ಬವಣೆ ತಪ್ಪಿತು. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೈಪಂಪಿನ ಬೋರು ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡರು. ಮೈಲಿ ದೂರ ಕೊಡ ಹೊತ್ತ ಹೆಂಗಸರು ಇವತ್ತಿಗೂ ಆ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಕುಡಿಯುವ ನೀರಿಗೆ ಬಂದ ಅದೇ ರಿಗ್ಗು ತೋಟಕ್ಕೂ ಬಂತು. ಸಬ್‌ಮರ್ಸಿಬಲ್ ಮೋಟರ್ ಬಂದ ಮೇಲೆ ಆಳಕ್ಕೆ ಮಿತಿಯೇ ಇಲ್ಲವಾಯಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಸಿಕ್ಕ ಮೇಲೆ ನೀರೆತ್ತುವ ಖರ್ಚು ಯಾರ ಲೆಕ್ಕಕ್ಕೂ ಸಿಗದಾಯಿತು. ರಾಗಿ, ಜೋಳ, ಹುಚ್ಚೆಳ್ಳು ಇದ್ದ ಹೊಲಗಳಿಗೆ ಮೊದಲು ತೆಂಗು ಬಂತು, ಆಮೇಲೆ ಅಡಿಕೆ.

ಅಡಿಕೆಯ ಲೆಕ್ಕವನ್ನು ಒಮ್ಮೆ ಕೂತು ಮಾಡಿ ನೋಡಿ. ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲೇ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಅಂದರೂ 11,000 ಲೀಟರ್. ಡಿಸೆಂಬರಿನಿಂದ ಮೇವರೆಗೆ 150 ದಿನ ಹಿಡಿದರೆ ಹದಿನಾರೂವರೆ ಲಕ್ಷ ಲೀಟರ್. ಈಗ ಮಳೆಯ ಕಡೆಗೆ ಬನ್ನಿ. 600 ಮಿ.ಮೀ. ಮಳೆ ಒಂದು ಎಕರೆಯ ಮೇಲೆ ಬಿದ್ದರೆ 24 ಲಕ್ಷ ಲೀಟರ್. ನಮ್ಮಂಥ ಕಲ್ಲುನೆಲದಲ್ಲಿ ಅದರಲ್ಲಿ ಅಂತರ್ಜಲಕ್ಕೆ ಸೇರುವುದು ನೂರಕ್ಕೆ ಎಂಟರಿಂದ ಹನ್ನೊಂದು ಪಾಲು ಎಂದು ಭೂವಿಜ್ಞಾನಿಗಳು ಲೆಕ್ಕ ಹಿಡಿಯುತ್ತಾರೆ. ಹತ್ತು ಪಾಲು ಅಂದುಕೊಂಡರೂ ಎರಡು ಲಕ್ಷದ ನಲವತ್ತು ಸಾವಿರ. ಒಂದು ಎಕರೆ ಅಡಿಕೆ ಹೆಚ್ಚುಕಡಿಮೆ ಏಳು ಎಕರೆಯ ಮಳೆಯನ್ನು ಕುಡಿಯುತ್ತದೆ. ಉಳಿದ ಆರು ಎಕರೆಯವನೂ ಅಡಿಕೆಯನ್ನೇ ಹಾಕಿದ್ದರೆ?

ಅದಕ್ಕೇ ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನದಲ್ಲಿ ಕಡೂರು, ಅರಸೀಕೆರೆ ತಾಲ್ಲೂಕುಗಳು ಮತ್ತೆ ಮತ್ತೆ 'ಅತಿಬಳಕೆ'ಯ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ವರ್ಷಕ್ಕೆ ಎತ್ತಬಹುದಾದ ನೀರು ನೂರು ಪಾಲಾದರೆ ನಾವು ನೂರಕ್ಕಿಂತ ಹೆಚ್ಚು ಎತ್ತುತ್ತಿದ್ದೇವೆ ಎಂದು ಅದರ ಅರ್ಥ.

ಇಂಥ ನೆಲದ ಮೇಲೆ ಈಗ ಹವಾಮಾನ ಬದಲಾವಣೆಯ ಬಿಸಿ ಬಿದ್ದಿದೆ. 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳಿತು. 1951ರಿಂದ 2015ರವರೆಗೆ ಮುಂಗಾರು ಶೇ 6ರಷ್ಟು ಕುಗ್ಗಿದೆ, ಆ ಕುಸಿತ ಎದ್ದು ಕಾಣುವ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು ಎಂದೂ ಅದರಲ್ಲಿದೆ. ಬಿಸಿಯಾದ ಗಾಳಿ ಪ್ರತಿ ಡಿಗ್ರಿಗೆ ಶೇ 7ರಷ್ಟು ಹೆಚ್ಚು ತೇವ ಹೊತ್ತುಕೊಳ್ಳಬಲ್ಲದು. ಹೊತ್ತುಕೊಂಡದ್ದನ್ನು ತಡವಾಗಿ, ಒಮ್ಮೆಗೇ ಸುರಿಸುತ್ತದೆ. ವರ್ಷದ ಒಟ್ಟು ಲೆಕ್ಕ ಸರಿಯಿದ್ದರೂ ನಡುವೆ ತಿಂಗಳುಗಟ್ಟಲೆ ಖಾಲಿ. ಹಿಂದಿನವರು ಹೇಳುತ್ತಿದ್ದ ಸೋನೆ, ನೆಲಕ್ಕೆ ನಿಧಾನವಾಗಿ ಇಳಿಯುವ ಹದ ಮಳೆ, ಅಪರೂಪವಾಗುತ್ತಿದೆ.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು, ಅದರ ಬಗ್ಗೆ ಮಾತಾಡುವವರು ಕಡಿಮೆ. ಬಿಸಿಲು ಏರಿದಂತೆ ಮರದ ದಾಹ ಏರುತ್ತದೆ, ಮಣ್ಣು ಬೇಗ ಒಣಗುತ್ತದೆ, ಹರಡಿಕೊಂಡು ನಿಂತ ನಮ್ಮ ತೆಳು ಕೆರೆಗಳು ಬೇಗ ಆವಿಯಾಗುತ್ತವೆ. ಗರಿ ಜೋತು ಬಿದ್ದದ್ದನ್ನು ನೋಡಿದ ರೈತ ಏನು ಮಾಡಬೇಕು? ಇನ್ನೊಂದು ಗಂಟೆ ಮೋಟರ್ ಓಡಿಸುತ್ತಾನೆ. ಭಾರತದ ರೈತರ ಈ ನಡವಳಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನವೊಂದು 2023ರಲ್ಲಿ 'ಸೈನ್ಸ್ ಅಡ್ವಾನ್ಸಸ್' ನಿಯತಕಾಲಿಕದಲ್ಲಿ ಬಂತು. 2041–2080ರ ಅವಧಿಯಲ್ಲಿ ಅಂತರ್ಜಲ ಕುಸಿಯುವ ವೇಗ ಈಗಿನದರ ಮೂರು ಪಟ್ಟಾಗಬಹುದು ಎಂದು ಅದು ಅಂದಾಜಿಸಿದೆ. ಮಳೆ ಕೈಕೊಡುವುದಕ್ಕಿಂತ ಹೆಚ್ಚಾಗಿ, ಬಿಸಿಗೆ ಹೆದರಿ ನಾವು ಎತ್ತುವ ನೀರೇ ನಮ್ಮನ್ನು ಬರಿದು ಮಾಡಲಿದೆ.

2022 ಮತ್ತು 2023ನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನಮ್ಮ ವೇದಾವತಿಯ ನೀರು ಹರಿದು ಸೇರುವುದು ಹಿರಿಯೂರಿನ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಭದ್ರಾದಿಂದ ಎತ್ತಿ ಹರಿಸಿದ ನೀರೂ ಅದರಲ್ಲಿ ಸೇರಿತ್ತು ನಿಜ, ಆದರೂ ಆ ವರ್ಷದ ಮಳೆ ನಮ್ಮ ಕಡೆ ಯಾರೂ ಮರೆಯುವಂಥದ್ದಲ್ಲ. ಮರುವರ್ಷವೇ ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮುಂಗಾರನ್ನು ಕುಂದಿಸುವ ಎಲ್ ನಿನೊ, ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಘೋಷಣೆ. ಶತಮಾನದ ಮಳೆ ನೆಲದೊಳಗೆ ಒಂದು ವರ್ಷವೂ ಬಾಳಲಿಲ್ಲ.

ಬಿರುಸು ಮಳೆಯೆಲ್ಲ ವ್ಯರ್ಥ ಎಂದೇನೂ ಅಲ್ಲ. ಐಐಟಿ ಗಾಂಧಿನಗರದ ಸಂಶೋಧಕರು 2018ರಲ್ಲಿ ತೋರಿಸಿದಂತೆ ಉತ್ತರ ಭಾರತದಲ್ಲಿ ಅಂತರ್ಜಲ ತುಂಬುವುದು ಹೆಚ್ಚಾಗಿ ಸಣ್ಣ ಮಳೆಯಿಂದ. ದಕ್ಷಿಣದಲ್ಲಿ ಜೋರು ಮಳೆಯಿಂದ. ಇದನ್ನು ಓದಿದಾಗ ನನಗೆ ನೆನಪಾದದ್ದು ಸರಪಳಿ ಕೆರೆಗಳು. ಒಂದೇ ರಾತ್ರಿ ಸುರಿದದ್ದನ್ನು ತಡೆದು ನಿಲ್ಲಿಸಿ ತಿಂಗಳುಗಟ್ಟಲೆ ನೆಲಕ್ಕೆ ಉಣಿಸಲೆಂದೇ ಕಟ್ಟಿದ ವ್ಯವಸ್ಥೆ ಅದು. ಅದರ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿರುವ ಹೊತ್ತಿನಲ್ಲೇ ಹೂಳು ತುಂಬಿದೆ, ನೀರು ಬರುವ ಹಳ್ಳ ಒತ್ತುವರಿಯಾಗಿದೆ, ಏರಿಯ ಮೇಲೆ ಜಾಲಿ ಬೆಳೆದಿದೆ.

ಸರ್ಕಾರದ ಕಣ್ಣು ಈಗ ಪಡುವಣದ ಕಡೆಗಿದೆ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ಅಡಿ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕಾಲುವೆ ಅರಸೀಕೆರೆ ಸೀಮೆಯನ್ನು ಹಾದು ಹೋಗುತ್ತದೆ. ಕೆರೆಗೆ ನೀರು ಬಂದರೆ ಬೇಡ ಎನ್ನುವವರು ಇಲ್ಲಿ ಯಾರೂ ಇಲ್ಲ. ಆದರೆ ಆ ಹಳ್ಳಗಳೂ ಅದೇ ಮುಂಗಾರನ್ನು ನಂಬಿಕೊಂಡವು. ಘಟ್ಟದ ಮಳೆಯೇ ಕುಗ್ಗುತ್ತಿರುವಾಗ ನೆರೆಮನೆಯ ಕಣಜವನ್ನು ನೆಚ್ಚಿ ಇನ್ನೆರಡು ಎಕರೆ ಅಡಿಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

2022ರ ಹಿಂಗಾರಿನಲ್ಲಿ ನಮ್ಮ ಅಜ್ಜನ ಬಾವಿಗೂ ನೀರು ಬಂತು. ಮೊದಲು ತಳದ ಜಾಲಿ ಮುಳುಗಿತು, ಆಮೇಲೆ ಮೆಟ್ಟಿಲು ಒಂದೊಂದಾಗಿ. ಮೇಲಿನಿಂದ ಏಳನೇ ಮೆಟ್ಟಿಲಿಗೆ ಬಂದು ನಿಂತಾಗ ಅಪ್ಪ ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತಾರೀಕು ಬರೆದರು. ಈಗ ತಿಂಗಳಿಗೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದು ಹಳೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿಡುತ್ತಾರೆ. ಕಳೆದ ಬೇಸಿಗೆಯಲ್ಲಿ ಬೋರಿನ ನೀರು ಅರ್ಧ ಇಂಚಿಗೆ ಇಳಿದಾಗ ನಾನು ಐದನೆಯ ಬೋರಿಗೆ ಪಾಯಿಂಟ್ ನೋಡಿಸೋಣ ಎಂದೆ. ಅವರು ಪಂಚಾಂಗ ತೆಗೆದು ನನ್ನ ಮುಂದಿಟ್ಟರು. ಆ ವಾರವೇ ಮೂಡಲ ಬದಿಯ ಒಂದು ಎಕರೆ ಅಡಿಕೆಗೆ ನೀರು ನಿಲ್ಲಿಸಿದೆವು. ಈ ಸಲ ಅಲ್ಲಿ ರಾಗಿ ಬಿತ್ತಿದ್ದೇವೆ.