ಆ ಭಾಷಣ ರಾಜ್ಯಪಾಲರದ್ದಲ್ಲ

ಪತ್ರಾಗಾರಕ್ಕೆ ಬರುವ ಬಹಳ ಮಂದಿ ಕೋರಿಕೆ ಚೀಟಿಯಲ್ಲಿ ‘ಇಂಥ ರಾಜ್ಯಪಾಲರ ಕಡತ’ ಅಂತ ಒಂದೇ ಸಾಲು ಬರೆದುಕೊಡುತ್ತಾರೆ. ಹಾಗೆ ಒಬ್ಬರ ಹೆಸರಲ್ಲಿ ಎಲ್ಲವನ್ನೂ ಸೇರಿಸಿ ಕಟ್ಟಿದ ಕಡತ ಇರುವುದಿಲ್ಲ. ಯಾವ ಕಚೇರಿಯಲ್ಲಿ ಕಾಗದ ಹುಟ್ಟಿತೋ ಆ ಕಚೇರಿಯ ಕಟ್ಟಿನಲ್ಲೇ ಅದು ಇರುತ್ತದೆ. ಇಷ್ಟನ್ನು ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಒಪ್ಪದಿರುವುದು ಇನ್ನೊಂದು ಮಾತನ್ನು. ವಿಧಾನಮಂಡಲದ ಜಂಟಿ ಅಧಿವೇಶನದಲ್ಲಿ ರಾಜ್ಯಪಾಲರು ಓದಿದ ಭಾಷಣ ಅವರ ಸ್ವಂತ ಅಭಿಪ್ರಾಯವಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ಅಷ್ಟು ಹೊತ್ತಿಗೆ ಅದರ ಮೇಲೆ ಒಂದು ಅಧ್ಯಾಯ ಬರೆದು ಮುಗಿಸಿರುತ್ತಾರೆ ಅಲ್ವಾ?

ಒಬ್ಬ ವಿದ್ಯಾರ್ಥಿನಿ ಮೋಹನ್‌ಲಾಲ್ ಸುಖಾಡಿಯಾ ಅವರ ಬಗ್ಗೆ ಬರೆಯುತ್ತಿದ್ದರು. 1972ರಿಂದ 1976ರ ಜನವರಿವರೆಗೆ ಇಲ್ಲಿ ಕರ್ನಾಟಕದಲ್ಲಿ ರಾಜ್ಯಪಾಲರಾಗಿದ್ದವರು. ಜಂಟಿ ಅಧಿವೇಶನದ ಭಾಷಣದಿಂದ ಭೂಸುಧಾರಣೆಯ ಸಾಲುಗಳನ್ನು ಎತ್ತಿ, ‘ಇವರು ಭೂಸುಧಾರಣೆಯ ಕಟ್ಟಾ ಬೆಂಬಲಿಗರು’ ಅಂತ ತೀರ್ಮಾನ ಬರೆದಿದ್ದರು.

“ಇದು ದೇವರಾಜ ಅರಸು ಅವರ ಸಂಪುಟದ ಮಾತಮ್ಮ” ಅಂದೆ.

“ಆದರೆ ಸಾರ್, ‘ನನ್ನ ಸರ್ಕಾರ’ ಅಂತ ಅವರೇ ಹೇಳಿದ್ದಾರಲ್ಲ?”

“ಎಲ್ಲ ರಾಜ್ಯಪಾಲರೂ ಹಾಗೇ ಹೇಳುತ್ತಾರೆ. ನಾಳೆ ಸರ್ಕಾರ ಬದಲಾದರೆ ಅದೇ ರಾಜ್ಯಪಾಲರು ಬೇರೆ ನೀತಿ ಓದಿ, ಅದನ್ನೂ ‘ನನ್ನ ಸರ್ಕಾರ’ದ್ದು ಅನ್ನುತ್ತಾರೆ.”

ಸುಖಾಡಿಯಾ ನಿಜವಾಗಿಯೂ ಬೆಂಬಲಿಗರಾಗಿದ್ದಿರಬಹುದು. 1954ರಿಂದ 1971ರವರೆಗೆ ರಾಜಸ್ಥಾನದ ಮುಖ್ಯಮಂತ್ರಿ ಆಗಿದ್ದವರು, ಜಮೀನಿನ ವಿಷಯದಲ್ಲಿ ಅವರಿಗೆ ತಮ್ಮದೇ ನಿಲುವು ಇದ್ದೇ ಇರುತ್ತದೆ. ನಾನು ಅಲ್ಲ ಅನ್ನುತ್ತಿಲ್ಲ. ಈ ಕಾಗದ ಅದಕ್ಕೆ ಸಾಕ್ಷಿ ಅಲ್ಲ, ಅಷ್ಟೇ.

ಆ ಭಾಷಣ ತಯಾರಾಗುವ ಬಗೆ ನೋಡಿ. ಸಂವಿಧಾನದ 176ನೇ ವಿಧಿ ಪ್ರಕಾರ, ಸಾರ್ವತ್ರಿಕ ಚುನಾವಣೆ ಆದಮೇಲಿನ ಮೊದಲ ಅಧಿವೇಶನದಲ್ಲಿ ಮತ್ತು ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ಭಾಷಣ ಮಾಡಬೇಕು. ಅದಕ್ಕಾಗಿ ಒಂದೊಂದು ಇಲಾಖೆಯೂ ತನ್ನ ಕಂಡಿಕೆ ಬರೆದು ಕಳಿಸುತ್ತದೆ. ಎಲ್ಲ ಜೋಡಿಸಿ ಸಂಪುಟ ಒಪ್ಪುತ್ತದೆ. ಆಮೇಲೆ ರಾಜಭವನಕ್ಕೆ ಹೋಗುತ್ತದೆ. ಹಳೆಯ ಕರಡೊಂದರಲ್ಲಿ ನೀರಾವರಿ ಕಾಮಗಾರಿ ‘ಪೂರ್ಣಗೊಂಡಿದೆ’ ಎಂದು ಟೈಪಾಗಿತ್ತು. ಯಾರೋ ಅದನ್ನು ಶಾಯಿಯಲ್ಲಿ ಹೊಡೆದುಹಾಕಿ ‘ಪೂರ್ಣಗೊಳ್ಳುವ ಹಂತದಲ್ಲಿದೆ’ ಅಂತ ಬರೆದಿದ್ದರು. ರಾಜ್ಯಪಾಲರೇ ತಿದ್ದಿದ್ದಾರೆ ಅಂತ ನೋಡಿದವರೊಬ್ಬರು ಖುಷಿಪಟ್ಟರು. ಪಕ್ಕದ ಚಿಕ್ಕ ಸಹಿ ಇಲಾಖೆಯ ಅಧಿಕಾರಿಯದು. ಕರಡು ಇನ್ನೂ ರಾಜಭವನದ ಬಾಗಿಲನ್ನೇ ಕಂಡಿರಲಿಲ್ಲ.

ಹಾಗಾದರೆ ರಾಜ್ಯಪಾಲರ ಮನಸ್ಸು ಈ ಭಾಷಣದಲ್ಲಿ ಎಂದೂ ಕಾಣುವುದೇ ಇಲ್ಲವೇ? ಕಾಣುತ್ತದೆ, ಓದದೆ ಬಿಟ್ಟ ಕಡೆ. 1969ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲ ಧರ್ಮವೀರ ಎರಡು ಕಂಡಿಕೆ ಓದಲಿಲ್ಲ. 1967ರಲ್ಲಿ ಸಂಯುಕ್ತ ರಂಗದ ಸರ್ಕಾರವನ್ನು ಅವರೇ ವಜಾ ಮಾಡಿದ್ದರು. ಆ ಕ್ರಮವನ್ನು ಟೀಕಿಸುವ ಸಾಲುಗಳನ್ನು ಅವರ ಬಾಯಿಂದಲೇ ಓದಿಸಲು ಹೊಸ ಸರ್ಕಾರ ಹೊರಟಿತ್ತು. 1969ರಲ್ಲೇ ಅವರು ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು. 2020ರ ಜನವರಿಯಲ್ಲಿ ಕೇರಳದಲ್ಲಿ ಆದದ್ದು ಬೇರೆ ಥರ. ಪೌರತ್ವ ತಿದ್ದುಪಡಿ ಕಾಯ್ದೆಯ ಬಗೆಗಿನ ಕಂಡಿಕೆಗೆ ತಮ್ಮ ಒಪ್ಪಿಗೆ ಇಲ್ಲ, ಮುಖ್ಯಮಂತ್ರಿ ಬಯಸಿದ್ದರಿಂದ ಓದುತ್ತಿದ್ದೇನೆ ಎಂದು ಹೇಳಿಯೇ ಆರಿಫ್ ಮೊಹಮ್ಮದ್ ಖಾನ್ ಅದನ್ನು ಓದಿದರು.

ಅದಕ್ಕೇ ಮುದ್ರಿತ ಪ್ರತಿಯೊಂದನ್ನೇ ನಂಬಬೇಡಿ, ಸದನದ ನಡವಳಿಯನ್ನೂ ತರಿಸಿಕೊಳ್ಳಿ ಅನ್ನುತ್ತೇನೆ. ನಡವಳಿಯೂ ಸಾಕಾಗದೇ ಹೋಗಬಹುದು. 2023ರ ಜನವರಿ 9ರಂದು ತಮಿಳುನಾಡಿನಲ್ಲಿ ಆರ್.ಎನ್. ರವಿ ಕೆಲವು ಭಾಗ ಬಿಟ್ಟು ಓದಿದಾಗ, ಮುದ್ರಿತ ಭಾಷಣ ಮಾತ್ರ ದಾಖಲೆಗೆ ಹೋಗಬೇಕು ಎಂದು ಸದನ ಅಲ್ಲೇ ನಿರ್ಣಯ ಮಾಡಿತು. ನಾಳೆ ಯಾರಾದರೂ ಭಾಷಣದ ಪಠ್ಯವನ್ನಷ್ಟೇ ನೋಡಿದರೆ, ರವಿ ಪೂರ್ತಿ ಓದಿದರು ಅಂತಲೇ ತಿಳಿಯುತ್ತಾರೆ. ಆ ದಿನದ ನಿರ್ಣಯ, ಮಾರನೇ ದಿನದ ಪತ್ರಿಕೆ ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ರಾಜ್ಯಪಾಲರ ಸ್ವಂತ ಮಾತೇ ಬೇಕಿದ್ದರೆ ಬೇರೆ ಕಡೆ ಹುಡುಕಿ. ಘಟಿಕೋತ್ಸವದ ಭಾಷಣ, ಮುಖ್ಯಮಂತ್ರಿಗೆ ಬರೆದ ಪತ್ರ, ರಾಷ್ಟ್ರಪತಿಗೆ ಕಳಿಸಿದ ವರದಿ. ಅಲ್ಲೂ ಸ್ವಲ್ಪ ಎಚ್ಚರ ಬೇಕು, ಘಟಿಕೋತ್ಸವದ ಭಾಷಣವನ್ನು ಕಾರ್ಯದರ್ಶಿ ಬರೆದಿರಬಹುದು. ವರದಿಯ ತೂಕ ಮಾತ್ರ ಬೇರೆ. 1989ರ ಏಪ್ರಿಲ್‌ನಲ್ಲಿ ಇಲ್ಲಿನ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಕಳಿಸಿದ ವರದಿಯ ಮೇಲೆ ಎಸ್.ಆರ್. ಬೊಮ್ಮಾಯಿ ಸರ್ಕಾರವೇ ಹೋಯಿತು. ಆ ವರದಿ ಕೇಳಿಕೊಂಡು ಬೆಂಗಳೂರಿನಲ್ಲಿ ಸುಮ್ನೆ ಅಲೆಯುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಅದು ದೆಹಲಿಗೆ ಹೋದ ಕಾಗದ. ಇಲ್ಲಿ ಸಿಕ್ಕರೂ ಕಚೇರಿ ಪ್ರತಿ ಸಿಗಬಹುದು. ಅದಕ್ಕಿಂತ ಮೊದಲು ಬೊಮ್ಮಾಯಿ ಪ್ರಕರಣದಲ್ಲಿ 1994ರ ಮಾರ್ಚ್ 11ರ ಸುಪ್ರೀಂ ಕೋರ್ಟ್ ತೀರ್ಪು ಓದಿ. ಬೆಂಬಲ ವಾಪಸು ಪಡೆದ 19 ಶಾಸಕರ ಪತ್ರ, ಅವರಲ್ಲಿ 7 ಮಂದಿ ವರದಿ ಹೋದ ಮಾರನೇ ದಿನವೇ ತಿರುಗಿ ಬರೆದದ್ದು, ಎಲ್ಲ ಅದರಲ್ಲಿದೆ.

ಇನ್ನೊಂದು ವಿಷಯ, ಈಗ ಜಾಸ್ತಿ ಆಗಿರುವುದು. ಮೊಬೈಲಿನಲ್ಲಿ ಬೇಕಾದ ಪುಟದ ಫೋಟೊ ಮಾತ್ರ ತೆಗೆದುಕೊಂಡು ಹೋಗುತ್ತಾರೆ. ಆರು ತಿಂಗಳಾದ ಮೇಲೆ ಫೋನ್ ಮಾಡಿ, “ಸಾರ್, ಇದು ಯಾವ ಇಲಾಖೆಯದು?” ಅಂತ ಕೇಳುತ್ತಾರೆ. ಕಡತದ ರಟ್ಟನ್ನು ಮೊದಲು ಫೋಟೊ ತೆಗೆಯಿರಿ. ಇಲಾಖೆ, ಕಡತ ಸಂಖ್ಯೆ, ವರ್ಷ ಮೂರೂ ಅದರ ಮೇಲಿರುತ್ತವೆ. ಆಮೇಲೆ ಟಿಪ್ಪಣಿ ಹಾಳೆಗಳನ್ನೂ ಸೇರಿಸಿಕೊಳ್ಳಿ. ಭಾಷಣದ ಪುಟ ಕೊನೆಗಿರಲಿ.