ಕರೆಂಟ್ ಯಾತಕ್ಕೆ ಬೇಕು? ಕರ್ನಾಟಕ ಅರ್ಧಕ್ಕೆ ಬಿಟ್ಟ ಒಂದು ಲೆಕ್ಕ

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಬರುತ್ತದೆ. ಪೂರ್ತಿ ತುಂಬಿದರೆ 1,819 ಅಡಿ. ಶರಾವತಿಯನ್ನು ಕಣ್ಣಲ್ಲಿ ನೋಡದವರಿಗೂ ಆ ಅಂಕಿ ಬೇಕಿತ್ತು. ಡ್ಯಾಮ್ ತುಂಬಿದರೆ ಕರೆಂಟ್, ಇಲ್ಲದಿದ್ದರೆ ಲೋಡ್ ಶೆಡ್ಡಿಂಗ್.

ನಾವು ಶುರು ಮಾಡಿದ್ದೇ ನೀರಿನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಆಮೇಲೆ ಜೋಗ, 1964ರಿಂದ ಶರಾವತಿ. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುವವರೆಗೂ ರಾಜ್ಯ ನಂಬಿದ್ದು ನದಿಗಳನ್ನೇ. ಅದಕ್ಕೆ ಬೆಲೆ ತೆತ್ತವರ ಕಥೆ ಬೇರೆ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದಿವೆ.

ಎಂಬತ್ತರ ದಶಕದಲ್ಲಿ ಕರೆಂಟ್ ಸಾಲದಾಯಿತು. 1987ರಲ್ಲಿ ಸರ್ಕಾರದ ಸಮಿತಿಯೊಂದು 2000ನೇ ಇಸವಿಯವರೆಗಿನ ಯೋಜನೆ ಕೊಟ್ಟಿತು. ವರ್ಷಕ್ಕೆ 4,750 ಕೋಟಿ ಯೂನಿಟ್ ಬೇಕು, ಅದಕ್ಕೆ 9,400 ಮೆಗಾವಾಟ್ ಸಾಮರ್ಥ್ಯ ಬೇಕು ಎಂದಿತು. ಅಷ್ಟು ದುಡ್ಡು ಎಲ್ಲಿಂದ ತರುವುದು?

ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಜೊತೆಗಾರರು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು. ಯೂನಿಟ್ ಯಾರಿಗೂ ಬೇಕಿಲ್ಲ. ಬೆಳಕು ಬೇಕು, ಸ್ನಾನಕ್ಕೆ ಬಿಸಿನೀರು ಬೇಕು, ತೋಟಕ್ಕೆ ನೀರು ಬೇಕು. ನೀರು ಕಾಯಿಸಲು ಬಿಸಿಲು ಅಥವಾ ಗ್ಯಾಸ್ ಸಾಕಲ್ವಾ? ಪಂಪ್‌ಸೆಟ್ಟಿನ ಪೈಪು, ಫುಟ್ ವಾಲ್ವ್ ಸರಿ ಮಾಡಿದರೆ ಅದೇ ನೀರು ಕಡಿಮೆ ಕರೆಂಟಿನಲ್ಲಿ ಬರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಉರಿಸಿ ಕರೆಂಟ್ ತೆಗೆಯಲು ಕಬ್ಬಿನ ಸಿಪ್ಪೆ ಇದ್ದೇ ಇದೆ. ಹೀಗೆ ಒಂದೊಂದನ್ನೇ ಕೂಡಿಸಿದರು. ಎಲ್ಲ ಮನೆಗಳಿಗೂ ಕರೆಂಟ್ ಕೊಡುವುದನ್ನೂ ಸೇರಿಸಿದರು. ಬಂದ ಮೊತ್ತ 1,790 ಕೋಟಿ ಯೂನಿಟ್, ಸುಮಾರು 4,000 ಮೆಗಾವಾಟ್. ಈ ವಿಧಾನಕ್ಕೆ ‘ಡಿಫೆಂಡಸ್’ ಎಂದು ಹೆಸರಿಟ್ಟರು.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿದ್ದರು. ಮೊದಲು ಅಡುಗೆಗೆಂದು. ಅಷ್ಟು ಸಗಣಿ ಸಿಗಲಿಲ್ಲ, ಅದು ನಡೆಯಲಿಲ್ಲ. ಊರವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಆಗ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಬೋರ್‌ವೆಲ್ ನೀರೆತ್ತಿದರು. ನಲ್ಲಿ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟ್ ಹತ್ತಿತು. ಸಗಣಿ ತಂದವರಿಗೆ ದುಡ್ಡು ಸಿಕ್ಕಿತು, ಗೊಬ್ಬರ ವಾಪಸ್ ಹೋಯಿತು. ಜನರನ್ನು ಕೇಳಿ ಯೋಜನೆ ಬದಲಿಸಿದ್ದು ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆ ದಾರಿಯಲ್ಲಿ ನಾವು ಪೂರ್ತಿ ನಡೆಯಲಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಗಾಳಿಯಂತ್ರ ಬಂದವು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತು. ಅಲ್ಲಿ ರೈತರಿಂದ ಜಮೀನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಬಾಡಿಗೆಗೆ ಪಡೆದರು. ಮುಳುಗಡೆಗಿಂತ ಇದು ಎಷ್ಟೋ ನ್ಯಾಯದ ದಾರಿ. ಆದರೆ ಜಮೀನೇ ಇಲ್ಲದ ಕೂಲಿಯವರಿಗೆ ಬಾಡಿಗೆ ಇಲ್ಲ, ಹೊಲದ ಕೆಲಸವೂ ಹೋಯಿತು.

2023ರಲ್ಲಿ ಬರ ಬಂತು. ಡ್ಯಾಮ್ ತುಂಬಲಿಲ್ಲ, ಪಂಪ್‌ಸೆಟ್ ಬೇಡಿಕೆ ಏರಿತು. ಸೂರ್ಯ ಮುಳುಗಿದ ಮೇಲೆ ಪಾವಗಡವೂ ಸುಮ್ಮನಾಗುತ್ತದೆ. ಹೀಗಾಗಿ ಈಗ ಕರೆಂಟ್ ಎಷ್ಟಿದೆ ಎನ್ನುವುದರ ಜೊತೆಗೆ ಯಾವ ಹೊತ್ತಿಗಿದೆ ಎಂದೂ ನೋಡಬೇಕು.

ಇದಕ್ಕೆ ಸರ್ಕಾರ ಮುಂದಿಟ್ಟಿರುವ ಒಂದು ಉತ್ತರ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್. ಕರೆಂಟ್ ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಎತ್ತಲು ಬೇಕಾಗುವಷ್ಟು ಕರೆಂಟ್ ಇಳಿಯುವಾಗ ವಾಪಸ್ ಬರುವುದಿಲ್ಲ. ಜಾಗ ಸಿಂಗಳೀಕಗಳ ಅಭಯಾರಣ್ಯ. ಮತ್ತದೇ ಕಣಿವೆಯ ಮೇಲೆ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ, ಕೈಯಲ್ಲೇ ಇರುವ ಬೇರೆ ದಾರಿಗಳನ್ನು ಪೂರ್ತಿ ಬಳಸದೆ ಅಂತೂ ಇಲ್ಲವೇ ಇಲ್ಲ.

ಅಂಥ ಒಂದು ದಾರಿ ಪಂಪ್‌ಸೆಟ್ಟೇ. ರೈತರ ಪಂಪ್‌ಸೆಟ್‌ಗಳಿಗೆ ಕರೆಂಟ್ ಒಯ್ಯುವ ಲೈನುಗಳಿಗೆ (ಫೀಡರ್) ಹತ್ತಿರದಲ್ಲೇ ಸೋಲಾರ್ ಜೋಡಿಸುವ ಕೆಲಸ ಕುಸುಮ್ ಯೋಜನೆಯಲ್ಲಿ ನಡೆದಿದೆ. ತ್ರೀ ಫೇಸ್ ಹಗಲು ಬಂದರೆ ಆ ಬೇಡಿಕೆ ಬಿಸಿಲಿನ ಹೊತ್ತಿಗೇ ಮುಗಿಯುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಮೋಟರ್ ಹಾಕಲು ಯಾರೂ ತೋಟಕ್ಕೆ ಹೋಗಬೇಕಿಲ್ಲ.