ಮೊದಲು ನಿಯಮ ಹೇಳಿ, ಆಮೇಲೆ ಗೆಲ್ಲುವವರ ಹೆಸರು

1970ರ ಜನವರಿ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಬಾಕ್ಸರ್ ರಾಕಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಮುಹಮ್ಮದ್ ಅಲಿಯನ್ನು ನಾಕೌಟ್ ಮಾಡಿದರು. ಆ ಹೊತ್ತಿಗೆ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡು ಐದು ತಿಂಗಳಾಗುತ್ತ ಬಂದಿತ್ತು. ಹಿಂದಿನ ವರ್ಷ ಇಬ್ಬರನ್ನೂ ರಿಂಗಿಗಿಳಿಸಿ, ಹಲವು ಬಗೆಯ ಮುಕ್ತಾಯಗಳನ್ನು ಚಿತ್ರಿಸಿಟ್ಟುಕೊಂಡು, ಕಂಪ್ಯೂಟರ್ ಹೇಳಿದ ಫಲಿತಾಂಶ ಇದು ಎಂದು ತೋರಿಸಿದ್ದರು ನಿರ್ಮಾಪಕ ಮರ್ರಿ ವೊರೋನರ್. ಯುರೋಪಿನಲ್ಲಿ ಅಲಿ ಗೆಲ್ಲುವ ಇನ್ನೊಂದು ಆವೃತ್ತಿಯೂ ಓಡಿತು. ಕಂಪ್ಯೂಟರಿಗೆ ಉಣಿಸಿದ್ದೇ ಬಾಕ್ಸಿಂಗ್ ಬರಹಗಾರರ ಅಭಿಪ್ರಾಯಗಳನ್ನು. ಅಂಕಿಯ ವೇಷ ಹಾಕಿಕೊಂಡು ಹೊರಬಂದದ್ದೂ ಅವೇ.

ಬೇರೆಬೇರೆ ಕಾಲದ ಚಾಂಪಿಯನ್ನರು ಎದುರಾದರೆ ಗೆಲ್ಲುವವರು ಯಾರು ಎಂಬ ಈ ವಾದ ಅಂದಿಗೂ ಹೊಸದಾಗಿರಲಿಲ್ಲ, ಇಂದಿಗೂ ಮುಗಿದಿಲ್ಲ. ಮುಗಿಯದಿರಲು ಮುಖ್ಯ ಕಾರಣ, ಅತಿ ಭಾರದ ವಿಭಾಗದ ‘ಹೆವಿವೇಟ್ ಚಾಂಪಿಯನ್’ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಆಟಗಳು ನಡೆದಿವೆ.

1889ರ ಜುಲೈಯಲ್ಲಿ ಮಿಸಿಸಿಪಿಯ ರಿಚ್‌ಬರ್ಗ್‌ನಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್‌ರೇನ್ ಬರಿಗೈಯಲ್ಲಿ 75 ಸುತ್ತು ಹೊಡೆದಾಡಿದರು. 75 ಎಂಬ ಸಂಖ್ಯೆಗೆ ಬೆರಗಾಗಬೇಕಿಲ್ಲ. ಆ ಹಳೆಯ ನಿಯಮದಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಸುತ್ತು ಮುಗಿಯಿತು. ಎಸೆದು ಬೀಳಿಸಿದರೂ ಅಷ್ಟೇ. ಆಮೇಲೆ 30 ಸೆಕೆಂಡು ಬಿಡುವು. ಮೂರೇ ವರ್ಷದಲ್ಲಿ, 1892ರ ಸೆಪ್ಟೆಂಬರ್‌ನಲ್ಲಿ, ಸಲಿವನ್ ಕ್ವೀನ್ಸ್‌ಬರಿ ನಿಯಮದಡಿ ಗ್ಲೌಸ್ ತೊಟ್ಟು ನ್ಯೂ ಆರ್ಲಿನ್ಸ್‌ನಲ್ಲಿ ಜೇಮ್ಸ್ ಕಾರ್ಬೆಟ್‌ಗೆ 21ನೇ ಸುತ್ತಿನಲ್ಲಿ ಸೋತರು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ಬಿಡುವು, ಎಸೆಯುವಂತಿಲ್ಲ, ಬಿದ್ದವನಿಗೆ ಹತ್ತು ಸೆಕೆಂಡು. ಸಲಿವನ್‌ಗೆ ಆಗ 33 ವಯಸ್ಸಾಗಿತ್ತು, ಮೈಯೂ ಬೆಳೆದಿತ್ತು ಎಂಬುದು ನಿಜ. ಆದರೆ ಕಾಲು ಚುರುಕಿದ್ದವನಿಗೆ ಅನುಕೂಲವಾಗುವಂತೆ ಆಟವೇ ಬದಲಾಗಿತ್ತು.

ಜಾಕ್ ಜಾನ್ಸನ್ ಕಾಲದ ಚಿತ್ರಗಳನ್ನು ನೋಡಿದವರು ‘ಇವರು ಬರೀ ಅಪ್ಪಿಕೊಂಡು ನಿಲ್ಲುತ್ತಾರಲ್ಲ’ ಎನ್ನುವುದುಂಟು. ಜಾನ್ಸನ್ 1910ರಲ್ಲಿ ರೀನೊದಲ್ಲಿ ಜೆಫ್ರೀಸ್ ಎದುರು, 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್ ಎದುರು ಇಳಿದದ್ದು 45 ಸುತ್ತುಗಳ ಕರಾರಿಗೆ. ಎರಡು ಗಂಟೆಗೂ ಮೀರಬಹುದಾದ ಕಾಳಗದಲ್ಲಿ ಮೊದಲ ಹತ್ತು ಸುತ್ತಿಗೇ ಉಸಿರು ಖಾಲಿ ಮಾಡಿಕೊಳ್ಳುವವನು ಮೂರ್ಖ. ಎದುರಾಳಿಯ ತೋಳು ಹಿಡಿದು, ಅವನ ಮೇಲೆ ಭಾರ ಹಾಕಿ, ಗುದ್ದನ್ನು ಅಂಗೈಯಲ್ಲೇ ತಡೆಯುವುದು ಸೋಮಾರಿತನವಲ್ಲ, ಲೆಕ್ಕಾಚಾರ. ಇನ್ನೊಂದು ತೊಡಕು ಚಿತ್ರದ್ದೇ. ಕೈಯಲ್ಲಿ ತಿರುಗಿಸುವ ಕ್ಯಾಮೆರಾ ಸೆಕೆಂಡಿಗೆ ಸುಮಾರು 16 ಚೌಕಟ್ಟು ತೆಗೆಯುತ್ತಿತ್ತು. ಅದನ್ನು 24ರ ವೇಗದಲ್ಲಿ ಓಡಿಸಿದರೆ ಯಾವ ಮಹಾನ್ ಬಾಕ್ಸರನೂ ಕೀಲಿಕೊಟ್ಟ ಗೊಂಬೆಯಂತೆ ಕಾಣುತ್ತಾನೆ. ಅದರಿಂದ ಅವನ ತಂತ್ರವನ್ನು ಅಳೆಯಲು ಹೊರಡುವುದು ಅನ್ಯಾಯ.

ಬಿದ್ದವನ ವಿಷಯದ ನಿಯಮವೂ ಪಟ್ಟಗಳನ್ನು ಅಲುಗಾಡಿಸಿದೆ. 1919ರಲ್ಲಿ ಟೊಲೆಡೊದಲ್ಲಿ 85 ಕೆಜಿಯ ಜಾಕ್ ಡೆಂಪ್ಸಿ 111 ಕೆಜಿಯ ವಿಲ್ಲಾರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದರು. ಬಿದ್ದವನ ಪಕ್ಕದಲ್ಲೇ ಕಾದು ನಿಂತು, ಏಳುತ್ತಿದ್ದಂತೆ ಹೊಡೆಯಬಹುದಿತ್ತು. 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನ್ನಿ ಏಳನೇ ಸುತ್ತಿನಲ್ಲಿ ಬಿದ್ದಾಗ ಡೆಂಪ್ಸಿ ಅದೇ ಹಳೆಯ ಅಭ್ಯಾಸದಲ್ಲಿ ಹತ್ತಿರವೇ ನಿಂತರು. ಅಷ್ಟರಲ್ಲಿ ದೂರದ ಖಾಲಿ ಮೂಲೆಗೆ ಹೋಗಬೇಕೆಂಬ ನಿಯಮ ಬಂದಿತ್ತು. ಅವರು ಹೋಗುವ ತನಕ ರೆಫರಿ ಎಣಿಕೆ ಶುರು ಮಾಡಲಿಲ್ಲ. ಟನ್ನಿಗೆ ಸಿಕ್ಕಿದ್ದು ಸುಮಾರು 14 ಸೆಕೆಂಡು. ಎದ್ದರು, ಪಾಯಿಂಟ್ ಮೇಲೆ ಗೆದ್ದರು.

ಆದರೆ ಹೋಲಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಸುತ್ತುಗಳ ಸಂಖ್ಯೆ. 1982ರ ನವೆಂಬರ್‌ನಲ್ಲಿ ಹಗುರ ತೂಕದ ಕಾಳಗವೊಂದರ 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್-ಕೂ ಮಿದುಳಿನ ಗಾಯದಿಂದ ತೀರಿಕೊಂಡ ಮೇಲೆ, 15 ಸುತ್ತಿನ ಪಟ್ಟದ ಕಾಳಗಗಳು 12ಕ್ಕೆ ಇಳಿದವು. ಪಟ್ಟ ಕೊಡುವ ಸಂಸ್ಥೆಗಳಲ್ಲಿ ಡಬ್ಲ್ಯುಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್) ಮೊದಲು, ಉಳಿದವು ಕೆಲವು ವರ್ಷಗಳಲ್ಲಿ. ಈಗ ಹಳೆಯ ಎರಡು ಕಾಳಗಗಳನ್ನು 12ನೇ ಸುತ್ತಿಗೆ ನಿಲ್ಲಿಸಿ ನೋಡಿ. 1941ರಲ್ಲಿ ಬಿಲ್ಲಿ ಕಾನ್ ಮೂವರು ತೀರ್ಪುಗಾರರಲ್ಲಿ ಇಬ್ಬರ ಅಂಕಪಟ್ಟಿಯಲ್ಲಿ ಮುಂದಿದ್ದರು, ಮೂರನೆಯದು ಸಮ. 13ನೇ ಸುತ್ತಿನಲ್ಲಿ ಜೋ ಲೂಯಿಸ್ ಕೆಡವಿದರು. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾರ್ಸಿಯಾನೊ ಮೂರೂ ಪಟ್ಟಿಗಳಲ್ಲಿ ಹಿಂದಿದ್ದರು. 13ನೇ ಸುತ್ತಿನ ಒಂದೇ ಬಲಗೈ ಗುದ್ದಿಗೆ ಜರ್ಸಿ ಜೋ ವಾಲ್ಕಾಟ್ ಹಗ್ಗದ ಬಳಿ ಕುಸಿದರು. ಇಂದಿನ ನಿಯಮವಿದ್ದಿದ್ದರೆ ಲೂಯಿಸ್ ಪಟ್ಟ ಕಾನ್ ಪಾಲಾಗುತ್ತಿತ್ತು, ಮಾರ್ಸಿಯಾನೊ ಅವರ 49-0 (49 ಗೆಲುವು, ಒಂದೂ ಸೋಲಿಲ್ಲ) ಎಂಬ ದಾಖಲೆ ಹುಟ್ಟುತ್ತಲೇ ಇರಲಿಲ್ಲ. ಇದರಿಂದ ಅವರು ಚಿಕ್ಕವರಾಗುವುದಿಲ್ಲ. 15 ಸುತ್ತಿಗೆ ತಯಾರಾದವನು 15 ಸುತ್ತಿನ ಲೆಕ್ಕದಲ್ಲೇ ಆಡುತ್ತಾನೆ. ಆದರೆ ಅವರನ್ನು 12 ಸುತ್ತಿನ ಕಲ್ಪನೆಯ ರಿಂಗಿಗೆ ಎಳೆತರುವವರು ಅವರ ದೊಡ್ಡ ಆಯುಧವನ್ನೇ ಬಾಗಿಲಲ್ಲಿ ಕಸಿದುಕೊಂಡಿರುತ್ತಾರೆ.

ದಾಖಲೆಯ ಅಂಕಿಗಳೂ ಅಷ್ಟೇ ಜಾರುಗುಪ್ಪೆ. ಲೂಯಿಸ್ 1937ರಿಂದ 1949ರವರೆಗೆ ಪಟ್ಟವನ್ನು 25 ಬಾರಿ ಉಳಿಸಿಕೊಂಡರು. ವ್ಲಾಡಿಮಿರ್ ಕ್ಲಿಚ್ಕೊ 2006ರಿಂದ 2015ರವರೆಗೆ 18 ಬಾರಿ. ಆದರೆ ಕ್ಲಿಚ್ಕೊ ಕಾಲದಲ್ಲಿ ಪಟ್ಟಗಳೇ ನಾಲ್ಕು, ಅದರಲ್ಲೊಂದು ಬಹುಕಾಲ ಅಣ್ಣ ವಿಟಾಲಿ ಬಳಿಯೇ ಇತ್ತು, ಅಣ್ಣತಮ್ಮ ಹೊಡೆದಾಡಲಿಲ್ಲ. ಇನ್ನು ಡೆಂಪ್ಸಿ ಎದುರಾಳಿಗಳ ಪಟ್ಟಿಯಲ್ಲಿ ಇಲ್ಲದ ಹೆಸರುಗಳೇ ಹೆಚ್ಚು ಮಾತಾಡುತ್ತವೆ. ವರ್ಷಗಟ್ಟಲೆ ಮುಂಚೂಣಿಯಲ್ಲಿದ್ದ ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್‌ಗೆ ಡೆಂಪ್ಸಿ ಎದುರು ಅವಕಾಶ ಸಿಗಲೇ ಇಲ್ಲ. ಅದಕ್ಕೂ ಮೊದಲು, ಚಾಂಪಿಯನ್ ಆದ ಮೇಲೆ ಸ್ವತಃ ಕಪ್ಪು ಬಾಕ್ಸರ್ ಆಗಿದ್ದ ಜಾನ್ಸನ್ ಇನ್ನೊಬ್ಬ ಕಪ್ಪು ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ.

‘ಅವನು ಇವನನ್ನು ಸೋಲಿಸಿದ್ದ, ಇವನು ಇನ್ನೊಬ್ಬನನ್ನು’ ಎಂದು ಕೊಂಡಿ ಹಾಕುತ್ತ ಹೋಗುವ ದಾರಿಯಂತೂ ಒಂದೇ ಕಾಲದೊಳಗೂ ನಡೆಯದು. 1973ರಲ್ಲಿ ಕೆನ್ ನಾರ್ಟನ್ ಅಲಿಯನ್ನು ಸೋಲಿಸಿದರು. 1974ರ ಮಾರ್ಚ್‌ನಲ್ಲಿ ಜಾರ್ಜ್ ಫೋರ್‌ಮನ್ ನಾರ್ಟನ್‌ರನ್ನು ಎರಡೇ ಸುತ್ತಿನಲ್ಲಿ ಮುಗಿಸಿದರು. ಈ ಲೆಕ್ಕಕ್ಕೆ ಫೋರ್‌ಮನ್ ಅಲಿಯನ್ನು ಹೊಸಕಿಹಾಕಬೇಕಿತ್ತು. ಅದೇ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ಸುತ್ತಿಗೆ ಬಿದ್ದದ್ದು ಫೋರ್‌ಮನ್. ಮುಂದೆ ನುಗ್ಗಿ ಬರುವವರ ಮೇಲೆ ಮೊದಲ ಸುತ್ತುಗಳಲ್ಲಿ ಅವರಷ್ಟು ಅಪಾಯಕಾರಿ ಬೇರೆ ಯಾರೂ ಇರಲಿಲ್ಲ ಎನ್ನಬಹುದು, ಆದರೆ ಅವರ ಅಗಲವಾದ ಬೀಸು ಗುದ್ದುಗಳು ತೋಳಿಗೆ ಬಿದ್ದಷ್ಟೂ ದಣಿವು ಅವರದೇ. ನಾರ್ಟನ್‌ಗೆ ಅಲಿಯಂತೆ ಹಗ್ಗಕ್ಕೊರಗಿ, ತೋಳಿನಿಂದ ಗುದ್ದು ತಡೆಯುತ್ತ ಕಾಯುವ ಕಲೆ ಗೊತ್ತಿರಲಿಲ್ಲ, ಹಿಂದೆ ಸರಿದಾಡುವಾಗ ಅವರ ಆಟವೂ ಕೆಡುತ್ತಿತ್ತು.

ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಮಾಡುವವರ ವಯಸ್ಸನ್ನೂ ಕೇಳಬೇಕು. ‘ದಿ ರಿಂಗ್’ ಪತ್ರಿಕೆ ಕಟ್ಟಿದ, 1887ರಲ್ಲಿ ಹುಟ್ಟಿದ ನ್ಯಾಟ್ ಫ್ಲೈಷರ್ ಅವರ ಪಟ್ಟಿಯಲ್ಲಿ ಜಾನ್ಸನ್ ಮೊದಲು, ಜೆಫ್ರೀಸ್ ಎರಡನೆಯವರು. ಲೂಯಿಸ್ ಆರನೆಯವರು. ಅಲಿಗೆ ಮೊದಲ ಹತ್ತರಲ್ಲಿ ಜಾಗವೇ ಇಲ್ಲ.

ಉಳಿಯುವುದು ಗಾತ್ರದ ಪ್ರಶ್ನೆ. ಮಾರ್ಸಿಯಾನೊ ತೂಕ ಸುಮಾರು 85 ಕೆಜಿ, ತೋಳಳತೆ (ಎರಡೂ ಕೈ ಚಾಚಿದಾಗಿನ ಅಗಲ) ಸುಮಾರು 173 ಸೆಂ.ಮೀ. 1990ರ ದಶಕದ ಚಾಂಪಿಯನ್ ಲೆನಾಕ್ಸ್ ಲೂಯಿಸ್ ತೋಳಳತೆ 213. ಒಳಗೆ ನುಗ್ಗಿಯೇ ಹೊಡೆಯಬೇಕಾದವನು ಅಷ್ಟು ದೂರವನ್ನು ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ತಿನ್ನುತ್ತಲೇ ದಾಟಬೇಕು. ಇಲ್ಲಿ ನಮ್ಮ ಒಲವು ಲೆನಾಕ್ಸ್ ಕಡೆಗೆ. ಹಾಗಂತ ಬರೀ ದೈತ್ಯತನ ಸಾಲದು. 2024ರ ಡಿಸೆಂಬರ್‌ನಲ್ಲಿ 102 ಕೆಜಿಯ ಒಲೆಕ್ಸಾಂಡರ್ ಉಸಿಕ್ 127 ಕೆಜಿಯ ಟೈಸನ್ ಫ್ಯೂರಿಯನ್ನು ಎರಡನೇ ಸಲ ಸೋಲಿಸಿದರು, ಮೂವರು ತೀರ್ಪುಗಾರರದೂ 116-112. ಉಸಿಕ್ ಎತ್ತರ 191 ಸೆಂ.ಮೀ., ತೋಳಳತೆ 198. ಅಲಿಯದೂ ಅಷ್ಟೇ.

ಹೆವಿವೇಟ್‌ಗಿಂತ ಕೆಳಗಿನ ವಿಭಾಗವಾದ ಇಂದಿನ ಕ್ರೂಸರ್‌ವೇಟ್ ಮಿತಿ 90.7 ಕೆಜಿ; ಡೆಂಪ್ಸಿ, ಮಾರ್ಸಿಯಾನೊ ಇಬ್ಬರೂ ಅದರೊಳಗೆ ಬರುತ್ತಾರೆ. ಡಬ್ಲ್ಯುಬಿಸಿ 2020ರಲ್ಲಿ ಅದರ ಮೇಲೆ 101.6 ಕೆಜಿಯವರೆಗಿನ ಬ್ರಿಡ್ಜರ್‌ವೇಟ್ ಎಂಬ ವಿಭಾಗ ಮಾಡಿತು. ಕಿನ್ಶಾಸಾದಲ್ಲಿ ಅಲಿ ತೂಗಿದ್ದು ಸುಮಾರು 98 ಕೆಜಿ, ಫೋರ್‌ಮನ್ ಸುಮಾರು 100. ಆ ತಕ್ಕಡಿ ಹಿಡಿದರೆ, ಆ ರಾತ್ರಿ ನಡೆದದ್ದು ಹೆವಿವೇಟ್ ಕಾಳಗವೇ ಅಲ್ಲ.